ರಸ್ತೆ ಅಗಲ ಇದೆ, ಜನ ಇಲ್ಲ: ಪ್ಲಾನ್ ಮಾಡಿ ಕಟ್ಟಿದ ಊರುಗಳು ಯಾಕೆ ತುಂಬಲ್ಲ?

ಮಾಗಡಿರೋಡ್_ಮಂಜ
ಕಳೆದ ವಾರ ಆಫೀಸ್ ಕೆಲಸಕ್ಕೆ ನವ ರಾಯಪುರಕ್ಕೆ ಹೋಗಿದ್ದೆ. ಛತ್ತೀಸ್‌ಗಢದ ಹೊಸ ರಾಜಧಾನಿ. (ನಮ್ಮ ಹಾಗೇ ಅವರದ್ದೂ ನವೆಂಬರ್ 1ಕ್ಕೇ ರಾಜ್ಯೋತ್ಸವ ಅಂತೆ, ಅಲ್ಲಿಗೆ ಹೋದ ಮೇಲೆ ಗೊತ್ತಾಯ್ತು.) ರಸ್ತೆ ನೋಡಿ ಹೊಟ್ಟೆ ಉರೀತು ಕಣ್ರೀ. ಗುಂಡಿ ಅನ್ನೋದು ಇಲ್ಲ, ಮಧ್ಯೆ ಸಾಲುಮರ, ನೆಟ್ಟಗೆ ಗೆರೆ ಎಳೆದ ಹಾಗೆ. ಸಂಜೆ ಆರೂವರೆಗೆ ಕೆಲಸ ಮುಗೀತು, ಒಂದು ಟೀ ಕುಡಿಯೋಣ ಅಂತ ನಡೆದೆ. ನಡೆದೆ, ನಡೆದೆ, ಇಪ್ಪತ್ತೈದು ನಿಮಿಷ ನಡೆದರೂ ಒಂದು ಗೂಡಂಗಡಿ ಸಿಗಲಿಲ್ಲ. ಎದುರಿಗೆ ಬಂದ ಜೀವ ಅಂದ್ರೆ ಒಂದು ಹಸು. ಕೊನೆಗೆ ನಮ್ಮ ಕ್ಯಾಬ್ ಡ್ರೈವರ್ ನಕ್ಕೊಂಡು ಅಂದ, "ಸಾಬ್, ಐದೂವರೆಗೆ ಬಸ್ಸುಗಳು ಹೊರಟವಲ್ಲ, ಊರು ಅದರ ಜೊತೇಲೇ ಹೋಯ್ತು."

ವಿಷಯ ಏನಂದ್ರೆ, 2012ರಲ್ಲೇ ಅಲ್ಲಿಗೆ ಸಚಿವಾಲಯ ಹೋಗಿದೆ. ಇಷ್ಟು ವರ್ಷ ಆದರೂ ತುಂಬಾ ನೌಕರರು ಇಪ್ಪತ್ತು ಕಿಲೋಮೀಟರ್ ದೂರದ ಹಳೇ ರಾಯಪುರದಿಂದ ದಿನಾ ಓಡಾಡ್ತಾರೆ.

ಕೇಳೋಕೆ ಕಾರಣ ಇದೆ. ನಂದೂ ಅದೇ ಕಥೆ. ಬೆಂಗಳೂರಿನ ಅಂಚಲ್ಲಿ ಒಂದು ದೊಡ್ಡ ಹೊಸ ಬಡಾವಣೇಲಿ 30×40 ಸೈಟು ಸಿಕ್ಕಿತು (ಹೆಸರು ಬೇಡ ಬಿಡಿ), ಸಾಲ ಮಾಡಿ ಮನೆ ಕಟ್ಟಿದೆ. ನಮ್ಮ ಕ್ರಾಸಲ್ಲಿ 22 ಸೈಟು, ಮನೆ ಎರಡು. ನೀರು ಟ್ಯಾಂಕರ್. ರಾತ್ರಿ ಹೊತ್ತು ದಾರಿ ತಪ್ಪಿದವರೆಲ್ಲ ನಮ್ಮ ಮನೆ ದೀಪ ನೋಡ್ಕೊಂಡು ಬಂದು ಅಡ್ರೆಸ್ ಕೇಳ್ತಾರೆ. ಈಗ ಬಿಡದಿ ಕಡೆ ಒಂಬತ್ತು ಸಾವಿರ ಎಕರೆ ಮೀರಿದ ಟೌನ್‌ಶಿಪ್ ಮಾತು ಜೋರಾಗಿದೆ. ಅದೂ ಹೀಗೇನಾ? ಇಷ್ಟು ದುಡ್ಡು ಸುರಿದು, ಇಷ್ಟು ಚೆನ್ನಾಗಿ ಕಟ್ಟಿದ ಊರಿಗೆ ಜನ ಯಾಕೆ ಬರಲ್ಲ?

ತಟ್ಟೆಇಡ್ಲಿ
ಬಿಡದಿಗೆ ಬನ್ನಿ ಸಾರ್, ಟೀ ಅಂಗಡಿಗೇನು ಬರ ಇಲ್ಲ. ಇಡ್ಲಿ ನನ್ನ ಕಡೆಯಿಂದ.

ತಾಳ್ಮೆರಾಮ
ಬರಲ್ಲ ಅಂತ ಯಾರು ಹೇಳಿದ್ದು? ಬೇಗ ಬರಲ್ಲ, ಅಷ್ಟೇ. ನವಿ ಮುಂಬೈ ನೋಡಿ. ಕಟ್ಟಿದ ಹತ್ತು ವರ್ಷಕ್ಕೆ ತುಂಬಿ ತುಳುಕಿತು.

ವಾಶಿವಾಸಿ
ಹತ್ತು ವರ್ಷವಾ? ಎಂತ ಮಾರಾಯ್ರೆ, ಯಾರು ಹೇಳಿದ್ದು ನಿಮಗೆ? ನಾವು 1986ರಲ್ಲಿ ನವಿ ಮುಂಬೈಯ ವಾಶಿಗೆ ಬಂದವರು, ನಾನು ಹೇಳ್ತೇನೆ ಕೇಳಿ.

ಊರು ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೋ ಶುರುವಾದದ್ದು 1970ರಲ್ಲಿ. ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಶ್ ಪಟೇಲ್ ಅಂತ ಮೂರು ಜನ ಅರವತ್ತರ ದಶಕದಲ್ಲೇ ಹೇಳಿದ್ದರು, ಮುಂಬೈ ಬಾಲದ ಹಾಗೆ ಉತ್ತರಕ್ಕೇ ಬೆಳೀತಾ ಹೋದರೆ ಕಷ್ಟ, ಖಾಡಿ (ಒಳಗೆ ನುಗ್ಗಿದ ಸಮುದ್ರ) ದಾಟಿಸಿ ಪೂರ್ವಕ್ಕೆ ಎಳೀಬೇಕು ಅಂತ. ಅವರ ಲೆಕ್ಕದಲ್ಲಿ ಮೊದಲು ಬರಬೇಕಾದದ್ದು ಸರ್ಕಾರ. ಮಂತ್ರಾಲಯ, ಅಂದರೆ ಅಲ್ಲಿಯ ಸಚಿವಾಲಯ, ಬಂದರೆ ಅದರ ಹಿಂದೆ ವಕೀಲರು, ಕಂಪೆನಿಗಳು, ಕ್ಯಾಂಟೀನು ಎಲ್ಲ ಬರ್ತದೆ ಅಂತ. ಸರ್ಕಾರ ಎಂತ ಮಾಡಿತು? ತಾನು ಅಲ್ಲೇ ಕೂತು, ಪಕ್ಕದಲ್ಲೇ ಸಮುದ್ರ ತುಂಬಿಸಿ ನರಿಮನ್ ಪಾಯಿಂಟಲ್ಲಿ ಟವರ್ ಏಳಿಸಲು ಬಿಟ್ಟಿತು. ತನ್ನ ಹೊಸ ಊರಿಗೆ ತಾನೇ ಪೈಪೋಟಿ!

ನಾವು ಬಂದಾಗ ರೈಲು ಇಲ್ಲ. ಅಪ್ಪ ಫೋರ್ಟಿನ ಹೋಟೆಲಲ್ಲಿ ಕೆಲಸ ಮುಗಿಸಿ ಬಸ್ಸಲ್ಲಿ ಸೇತುವೆ ದಾಟಿ ಬರುವಾಗ ರಾತ್ರಿ ಹನ್ನೆರಡು. ಮುಂಬೈಯ ನೆಂಟರು "ನೀವು ಊರಿಂದ ಹೊರಗೆ ಹೋದಿರಿ" ಅಂತ ಹೇಳುವುದು, ಏನೋ ಗಡೀಪಾರು ಆದ ಹಾಗೆ. ನಮ್ಮ ಕಟ್ಟಡದಲ್ಲಿ ಅರ್ಧಕ್ಕರ್ಧ ಫ್ಲ್ಯಾಟಿಗೆ ಬೀಗ. 1992ರ ಮೇ ತಿಂಗಳಲ್ಲಿ ಮಾನ್‌ಖುರ್ದ್‌ನಿಂದ ವಾಶಿಗೆ ಲೋಕಲ್ ಬಂತು ನೋಡಿ, ಎರಡು ವರ್ಷದಲ್ಲಿ ಬೀಗ ಎಲ್ಲ ತೆಗೆದಾಯ್ತು. ಅಂದರೆ ಊರು ಹುಟ್ಟಿ 22 ವರ್ಷಕ್ಕೆ ರೈಲು. ಅದೂ ರೈಲ್ವೆ ಸುಮ್ಮನೆ ಹಾಕಿದ್ದಲ್ಲ, ಖರ್ಚಿನಲ್ಲಿ ಮೂರನೇ ಎರಡು ಪಾಲು ಸಿಡ್ಕೋ ಹಾಕಿದ್ದು.

ಇನ್ನೊಂದು ಮಾತು. ರೈಲಿಗಿಂತ ಮೊದಲು ಊರಿಗೆ ಜೀವ ಕೊಟ್ಟದ್ದು ಈರುಳ್ಳಿ ಬಟಾಟೆ ಮಾರ್ಕೆಟ್ಟು. ಸಗಟು ಮಂಡಿಯನ್ನು ಮುಂಬೈಯಿಂದ ಎಬ್ಬಿಸಿ ವಾಶಿಗೆ ತಂದರು. ವ್ಯಾಪಾರಿಗಳು ಬೇಡ ಬೇಡ ಅಂತ ಕೂಗಾಡಿದರು. ಆದರೆ ಮಂಡಿ ಬಂದ ಮೇಲೆ ಲಾರಿ ಬಂತು, ಲಾರಿ ಹಿಂದೆ ಹಮಾಲರು ಬಂದರು, ಹಮಾಲರಿಗೆ ಊಟ ಬೇಕಲ್ಲ, ಹೋಟೆಲು ಬಂತು. ಹೋಟೆಲು ಅಂದ ಮೇಲೆ ನಮ್ಮ ಉಡುಪಿ ಕುಂದಾಪುರದವರು ಬಾರದೆ ಇರ್ತಾರಾ?

ತಾಳ್ಮೆರಾಮ
ಸರಿ, ಹತ್ತು ಅಂದದ್ದು ತಪ್ಪು, ಒಪ್ಪಿದೆ. ಆದರೆ ಕೊನೆಗೆ ತುಂಬಿತು ತಾನೇ? ನಾನು ಹೇಳಿದ್ದೂ ಅದೇ.

ಮಾಗಡಿರೋಡ್_ಮಂಜ
22 ವರ್ಷ! ನನ್ನ ಹೋಮ್ ಲೋನ್ 20 ವರ್ಷಕ್ಕೆ ಮುಗಿಯುತ್ತೆ ಸ್ವಾಮಿ. ಸಾಲ ತೀರಿದ ಮೇಲೆ ನೆರೆಹೊರೆ ಬರ್ತಾರೆ ಅಂತಾಯ್ತು.

ನಕ್ಷೆಗಾರ್ತಿ
ನಾನು ನಗರ ಯೋಜನೆ ಓದಿ ಅದರಲ್ಲೇ ಕೆಲಸ ಮಾಡ್ತಿರೋಳು. ಮಂಜ ಅವರ ಕ್ರಾಸಿನ 22 ಸೈಟಿನ ಲೆಕ್ಕ ನನಗೆ ಚೆನ್ನಾಗಿ ಅರ್ಥ ಆಗುತ್ತೆ.

ಹೊಸ ಊರು ಕಟ್ಟೋ ಪ್ರಾಧಿಕಾರಕ್ಕೆ ಮೊದಲ ದಿನ ಕೈಯಲ್ಲಿ ಇರೋದು ಬರೀ ಜಮೀನು. ರಸ್ತೆ, ಚರಂಡಿ, ಕರೆಂಟಿಗೆ ದುಡ್ಡು ಬೇಕು ಅಂದ್ರೆ ಆ ಜಮೀನನ್ನೇ ಮುಂಚೆ ಮಾರಬೇಕು. ನೀರಿಲ್ಲದ, ಬಸ್ಸಿಲ್ಲದ ಜಾಗಾನ ಇವತ್ತು ಯಾರು ಕೊಳ್ತಾರೆ? ಇವತ್ತೇ ಮನೆ ಬೇಕಾದೋನು ಕೊಳ್ಳಲ್ಲ, ಅವನಿಗೆ ನಾಳೆ ಬೆಳಿಗ್ಗೆ ನಲ್ಲಿ ತಿರುಗಿಸಿದ್ರೆ ನೀರು ಬರಬೇಕು. ಕೊಳ್ಳೋನು ಹತ್ತು ವರ್ಷ ಕಾಯೋ ತಾಕತ್ತಿರೋನು, ಅಂದ್ರೆ ಈಗಾಗಲೇ ಬೇರೆ ಕಡೆ ಮನೆ ಇರೋನು. ಮಗಳ ಮದುವೆಗಾಯ್ತು, ಮೊಮ್ಮಗನ ಓದಿಗಾಯ್ತು ಅಂತ ಸೈಟು ತಗೊಂಡು ಬೇಲಿ ಹಾಕಿ ಮನೆಗೆ ಹೋಗ್ತಾನೆ. ಹಾಗಾಗಿ ಸೈಟೆಲ್ಲ ಮಾರಾಟ ಆಗಿರುತ್ತೆ, ಕಡತದಲ್ಲಿ ಊರು ಭರ್ತಿ. ಕಣ್ಣಿಗೆ ಕಾಣೋದು ಪಾರ್ಥೇನಿಯಂ ಗಿಡ.

ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತು. ಜನ ಇಲ್ಲ ಅಂತ ಬಸ್ ಬಿಡಲ್ಲ, ಬಸ್ ಇಲ್ಲ ಅಂತ ಜನ ಬರಲ್ಲ. ಯಾರಾದ್ರೂ ಒಬ್ಬರು ಮೊದಲು ನಷ್ಟ ತಿನ್ನಬೇಕು. ವಾಶಿಯಲ್ಲಿ ರೈಲಿಗೆ ದುಡ್ಡು ಹಾಕಿ ಸಿಡ್ಕೋ ಆ ನಷ್ಟ ತಿಂತು. ನಮ್ಮಲ್ಲಿ ಆ ನಷ್ಟ ಮಂಜ ಅವರಂಥೋರ ತಲೆ ಮೇಲೆ.

ಮಾಗಡಿರೋಡ್_ಮಂಜ
ಪಾರ್ಥೇನಿಯಂ ಗಿಡ ಅಂದ್ರಲ್ಲ, ಫೋಟೋ ನೋಡಿ ಬರೆದ ಹಾಗಿದೆ. ನಮ್ಮ ಪಕ್ಕದ ಸೈಟಿನವರು ಎಲ್ಲಿದ್ದಾರೆ ಗೊತ್ತಾ? ನ್ಯೂಜೆರ್ಸಿ. ವರ್ಷಕ್ಕೊಂದು ಸಲ ಬಂದು ಬೋರ್ಡಿಗೆ ಹೊಸ ಬಣ್ಣ ಹೊಡೆಸಿ ಹೋಗ್ತಾರೆ.

ಬಯಲಾಟದ_ಭೀಮ
ಇದೆಲ್ಲ ಹಳೇ ರೋಗ. ತುಘಲಕ್ 1327ರಲ್ಲಿ ದಿಲ್ಲಿಯ ಒಂದು ನರಪಿಳ್ಳೆಯನ್ನೂ ಬಿಡದೆ ದೌಲತಾಬಾದಿಗೆ ಹೊರಡಿಸಿದ, ಕುರುಡ ಕುಂಟರನ್ನೂ ಬಿಡಲಿಲ್ಲ. ಆಮೇಲೆ ವಾಪಸ್ ನಡೀರಿ ಅಂದ. ಆಗ ಬಸ್ ಪಾಸ್ ಇರಲಿಲ್ಲ ಪಾಪ.

ನಿವೃತ್ತ_ಮೇಷ್ಟ್ರು
ದಿಲ್ಲಿ ಪೂರಾ ಖಾಲಿಯಾಯಿತು ಅನ್ನೋದನ್ನ ಇತಿಹಾಸಕಾರರು ಈಗ ಹಾಗೇ ಒಪ್ಪೋದಿಲ್ಲ. ಹೆಚ್ಚಾಗಿ ಹೊರಟದ್ದು ಆಸ್ಥಾನದವರು, ಅಧಿಕಾರಿಗಳು, ಧಾರ್ಮಿಕ ವಿದ್ವಾಂಸರು. ಸಾಮಾನ್ಯರು ದಿಲ್ಲಿಯಲ್ಲೇ ಉಳಿದರು. ಅಂದರೆ ಮೇಲಿನವರನ್ನು ಸಾಗಿಸಿದರೆ ಊರು ಆಗುತ್ತದೆ ಅನ್ನೋ ಭ್ರಮೆಗೆ ಏಳು ನೂರು ವರ್ಷ ತುಂಬುತ್ತಾ ಬಂತು.

ಅಷ್ಟು ದೂರ ಯಾಕೆ, ಬೆಂಗಳೂರಿನದೇ ಹೇಳ್ತೇನೆ. ಮಲ್ಲೇಶ್ವರ, ಬಸವನಗುಡಿ ಇವತ್ತು ಹಳೇ ಬೆಂಗಳೂರು ಅಂತ ನಾವು ಕಣ್ಣೀರು ಹಾಕುವ ಜಾಗಗಳು. ಎರಡೂ ಗೆರೆ ಹಾಕಿ ಮಾಡಿದ ಬಡಾವಣೆಗಳೇ. ಯೋಜನೆ 1892ರದು. ಪೇಟೆ ಬಿಟ್ಟು ಕಾಡಿಗೆ ಯಾರು ಹೋಗ್ತಾರೆ ಅಂತ ಜನ ಹಿಂದೇಟು ಹಾಕಿದರು. 1898ರಲ್ಲಿ ಪೇಟೆಗೆ ಪ್ಲೇಗು ಬಡಿಯಿತು. ಇಕ್ಕಟ್ಟಿನ ಓಣಿಗಳಲ್ಲಿ ಇಲಿ ಬಿದ್ದ ಮೇಲೆ ಜನ ಗಂಟುಮೂಟೆ ಕಟ್ಟಿಕೊಂಡು ಹೊಸ ಬಡಾವಣೆಗೆ ಬಂದರು. ಮಲ್ಲೇಶ್ವರ ತುಂಬಿಸಿದ್ದು ಪ್ಲಾನಲ್ಲ, ಪ್ಲೇಗು.

ತಟ್ಟೆಇಡ್ಲಿ
"ಪ್ಲಾನಲ್ಲ, ಪ್ಲೇಗು" 👏 ಮೇಷ್ಟ್ರೇ, ಇದನ್ನ ಯಾವುದಾದ್ರೂ ಪ್ರಾಧಿಕಾರದ ಗೋಡೆ ಮೇಲೆ ಬರೆಸಬೇಕು.

ಘಟಪ್ರಭಾ_ದಂಡಿ
ನಮ್ಮೂರಿಗೆ ಪ್ಲೇಗು ಬರಲಿಲ್ರಿ, ನೀರು ಬಂತು. ಬಾಗಲಕೋಟಿ.

ಆಲಮಟ್ಟಿ ಡ್ಯಾಮಿನ ಹಿನ್ನೀರಿಗೆ ಊರಾಗಿನ ಅರ್ಧ ಹೋಗ್ತೈತಿ ಅಂತ 523 ಮೀಟರ್ ಲೆಕ್ಕ ಹಿಡದು ಗ್ವಾಡಿಗೆ ನಂಬರ್ ಬರದು ಹ್ವಾದ್ರು. ನಾನು ಆಗ ಆರನೇತ್ತ. ನಮ್ಮ ಮನಿ ಗ್ವಾಡಿ ಮ್ಯಾಲ ನಂಬರ್ ಬಂದಾಗ ನನಗ ಖುಷಿ ಆಗಿತ್ತು, ಪರೀಕ್ಷಾ ನಂಬರ್ ಬಂದಂಗ. ನಮ್ಮವ್ವ ಅಡಗಿ ಮನ್ಯಾಗ ಕುಂತು ಅಳಾಕತ್ತಿದ್ಲು.

ನವನಗರದಾಗ ಸೈಟ್ ಕೊಟ್ರು. ಸುಳ್ಳ್ಯಾಕ ಹೇಳಬೇಕು, ಚೊಲೋ ಮಾಡ್ಯಾರ. ಅಗಲ ರಸ್ತಾ, ಗಟಾರ, ಗಿಡಾ, ಸೆಕ್ಟರ್ ನಂಬರ್. ಅವ್ವ ಹೋಗಿ ಸೈಟಿನ ನಡಕ ನಿಂತು ಸುತ್ತಮುತ್ತ ನೋಡಿ, "ಇಲ್ಲಿ ಮಾತಾಡ್ಸಾಕ ಯಾರದಾರ?" ಅಂದ್ಲು. ಹಳೇ ಓಣ್ಯಾಗ ಕಟ್ಟಿ ಮ್ಯಾಲ ಕುಂತ್ರ ಎದುರಿನವ್ರ ಕಟ್ಟಿ ಕೈಗೆ ಸಿಗೂವಂಗ ಇತ್ತು. ಇಕಿ ರೊಟ್ಟಿ ಬಡಿಯೂ ಸಪ್ಪಳ ಕೇಳಿ ಆಕಿ ಪಲ್ಯ ಕೊಡಾಕ ಬರ್ತಿದ್ಲು. ಇಲ್ಲಿ ಒದರಿದ್ರೂ ಕೇಳಸಂಗಿಲ್ಲ. ನಮ್ಮ ಓಣಿ ಮಂದಿ ಮೂರು ಸೆಕ್ಟರಿಗೆ ಹಂಚಿ ಹ್ವಾದ್ರು. ಕಿಲ್ಲಾ, ಜೈನಪೇಟಿ, ವೆಂಕಟಪೇಟಿ ಅಂತ ಹೆಸರು ಹೇಳಿದ್ರ ಯಾರ ಪೈಕಿ ಅಂತ ಗೊತ್ತಾಗ್ತಿತ್ತು, ಈಗ ನಂಬರ್ ಹೇಳ್ಬೇಕು.

ಅಪ್ಪಾರು ಮನಿ ಅಲ್ಲಿ ಕಟ್ಟಿದ್ರು, ಅಂಗಡಿ ಹಳೇ ಊರಾಗ ಬಿಟ್ರು. ಗಿರಾಕಿ ಎಲ್ಲಿ ಅದಾವೋ ಅಲ್ಲೇ ಅಂಗಡಿ, ಅದರಾಗ ತಪ್ಪೇನೈತಿ? ದಿನಾ ಮುಂಜಾನೆ ಟಂಟಂ ಹತ್ತಿ ವಿದ್ಯಾಗಿರಿ ದಾಟಿ ಹೋಗೂದು, ರಾತ್ರಿ ಬರೂದು. ಒಂಬತ್ತರ ಮ್ಯಾಲ ನವನಗರ ಸುಡುಗಾಡು ಇದ್ದಂಗ ಇರ್ತಿತ್ತು.

ಈಗ ಹಂಗಿಲ್ಲ, ತುಂಬೈತಿ. ಜಿಲ್ಲಾ ಆಫೀಸೆಲ್ಲಾ ಅಲ್ಲೇ ಬಂದ್ವು, ಹಳ್ಳಿ ಮಂದಿ ಕಾಗದಪತ್ರಕ್ಕ ಬರ್ತಾರ, ಮಿರ್ಚಿ ಭಜಿ ಗಾಡಿ ನಿಂತಾವ. ಆದ್ರೂ ಮದುವಿ ಸೀರಿ ತರಾಕ ಇನ್ನೂ ಹಳೇ ಊರಿಗೇ ಹೋಗಬೇಕು. ಹೋಳಿ ಹುಣ್ಣಿವಿಗೆ ಹಲಗಿ ಸಪ್ಪಳ ಕೇಳಬೇಕಂದ್ರ ಅಲ್ಲಿಗೇ ಹೋಗಬೇಕು. ಬಣ್ಣದ ಬಂಡಿ ಇಕ್ಕಟ್ಟಿನ ಓಣ್ಯಾಗ ಬಂದ್ರನ ಚೆಂದ. 80 ಫೂಟ್ ರಸ್ತಾದಾಗ ಬಣ್ಣ ಯಾರಿಗೆ ಹತ್ತತೈತಿ?

ವಾಶಿವಾಸಿ
"ಇಲ್ಲಿ ಮಾತಾಡ್ಸಾಕ ಯಾರದಾರ" — ನಮ್ಮ ಅಮ್ಮ ವಾಶಿಗೆ ಬಂದ ದಿನ ತುಳುವಿನಲ್ಲಿ ಇದನ್ನೇ ಹೇಳಿದ್ದು.

ಎರಡ್ಮಕ್ಕಳ_ತಾಯಿ
ಗಂಡಸರೆಲ್ಲ ರೈಲು, ಮಂಡಿ, ಜಮೀನು ಅಂತ ಮಾತಾಡ್ತಿದ್ದೀರಿ. ಮನೆ ಎಲ್ಲಿ ಮಾಡಬೇಕು ಅಂತ ನಿಜವಾಗ್ಲೂ ತೀರ್ಮಾನ ಆಗೋದು ಎಲ್ಲಿ ಅಂತ ಹೇಳ್ಲಾ?

ನಮ್ಮವರಿಗೆ ಊರಾಚೆ ಒಂದು ಹೊಸ ಟೌನ್‌ಶಿಪ್ಪಲ್ಲಿ ಅರ್ಧ ಬೆಲೆಗೆ ಫ್ಲ್ಯಾಟ್ ಸಿಕ್ಕಿತ್ತು. ನೋಡೋಕೆ ಹೋದ್ವಿ. ಕ್ಲಬ್ ಹೌಸ್ ತೋರಿಸಿದ್ರು, ಈಜುಕೊಳ ತೋರಿಸಿದ್ರು. ನಾನು ಕೇಳಿದ್ದು ನಾಲ್ಕೇ: ರಾತ್ರಿ ಎರಡು ಗಂಟೆಗೆ ಮಗೂಗೆ ಜ್ವರ ಬಂದ್ರೆ ಎಲ್ಲಿಗೆ ಓಡೋದು, ಸ್ಕೂಲ್ ಬಸ್ ಇಲ್ಲಿ ತನಕ ಬರುತ್ತಾ, ಕೆಲಸದವರು ಎಲ್ಲಿಂದ ಬರ್ತಾರೆ, ಅತ್ತೆ ಸಂಜೆ ಒಬ್ಬರೇ ನಡ್ಕೊಂಡು ಹೋಗಿ ಬರೋ ದೇವಸ್ಥಾನ ಇದೆಯಾ. ಆ ಹುಡುಗ ನಾಲ್ಕಕ್ಕೂ "ಫೇಸ್ ಟೂನಲ್ಲಿ ಬರುತ್ತೆ ಮೇಡಂ" ಅಂದ. ನಾವು ಫೇಸ್ ಟೂ ಬಂದ್ಮೇಲೇ ಬರ್ತೀವಿ ಅಂತ ಹೇಳಿ ಬಂದೆ. ಈಗಿರೋದು ಗಿರಿನಗರದ ಒಂದು ಹಳೇ ಬಾಡಿಗೆ ಮನೆ, ಗೋಡೆ ಒದ್ದೆ. ಆದ್ರೆ ಕೆಳಗಿಳಿದ್ರೆ ಹೂವಿನೋಳು, ಔಷಧಿ ಅಂಗಡಿ, ದೋಸೆ ಹಿಟ್ಟು.

ಅಗಲ ರಸ್ತೆ ಚೆಂದ ಅಂತೀರಲ್ಲ, ರಾತ್ರಿ ಎಂಟಕ್ಕೆ ಆ ರಸ್ತೇಲಿ ಒಬ್ಬಳೇ ಬಸ್ಸಿಗೆ ಕಾದು ನೋಡಿ. ಇಕ್ಕಟ್ಟಾದ ಬೀದಿಯಲ್ಲಿ ನಾಲ್ಕು ಅಂಗಡಿ ದೀಪ ಇರುತ್ತೆ, ಕೂಗಿದ್ರೆ ಯಾರಾದ್ರೂ ತಿರುಗಿ ನೋಡ್ತಾರೆ.

ನಕ್ಷೆಗಾರ್ತಿ
ನೂರಕ್ಕೆ ನೂರು. "ಕೆಲಸದವರು ಎಲ್ಲಿಂದ ಬರ್ತಾರೆ" ಅನ್ನೋ ಪ್ರಶ್ನೆ ನಕ್ಷೇಲಿ ಯಾವತ್ತೂ ಇರಲ್ಲ. ಬ್ರೆಜಿಲ್ ರಾಜಧಾನಿ ಬ್ರೆಸೀಲಿಯಾ 1960ರಲ್ಲಿ ಉದ್ಘಾಟನೆ ಆಯ್ತು, ಲೂಸಿಯೋ ಕೋಸ್ಟಾ ನಕ್ಷೆ, ನೀಮೆಯರ್ ಕಟ್ಟಡಗಳು. ಆದರೆ ಅದನ್ನ ಕಟ್ಟಿದ ಕೂಲಿಗಳಿಗೆ ಆ ಊರೊಳಗೆ ಮನೆ ಇರಲಿಲ್ಲ. ಊರು ಮುಗಿಯೋ ಮುಂಚೆಯೇ, 1958ರಲ್ಲೇ, ಅವರನ್ನ ದೂರ ಇಡೋಕೆ ಟಾಗ್ವಾಟಿಂಗ ಅಂತ ಬೇರೆ ಊರು ಹುಟ್ಟಿಸಬೇಕಾಯ್ತು. ಪ್ಲಾನ್ ಇದ್ದದ್ದು ಐದು ಲಕ್ಷ ಜನಕ್ಕೆ. ಈಗ ಆ ಜಿಲ್ಲೆಲಿ 28 ಲಕ್ಷ, ಅದರಲ್ಲಿ ಹೆಚ್ಚಿನವರು ಇರೋದು ನಕ್ಷೆಯ ಆಚೆ. ಚಂಡೀಗಢವೂ ಅಷ್ಟೇ. ಅದರ ನಕ್ಷೆ ಮಾಡಿದ ವಾಸ್ತುಶಿಲ್ಪಿ ಕಾರ್ಬುಸಿಯೆ ಬಡವರಿಗೆ ಅಂತ ಬಿಟ್ಟ ಜಾಗ ಸಾಲದೆ ಕಾಲೊನಿಗಳು ಅಂಚಲ್ಲಿ ಎದ್ದವು.

ಬಯಲಾಟದ_ಭೀಮ
ಚಂಡೀಗಢ ಮಾತ್ರ ಗೆದ್ದಿತಲ್ಲ. ಕಾರ್ಬುಸಿಯೆ ಮೊದಲಿಂದ ಕೊನೆವರೆಗೆ ಒಬ್ಬನೇ ಕೂತು ಮಾಡಿದ್ದಕ್ಕೇ ಅದು ಹಾಗೆ ಬಂದದ್ದು.

ನಿವೃತ್ತ_ಮೇಷ್ಟ್ರು
ಭೀಮಣ್ಣ, ಮತ್ತೆ ಎಡವಿದಿರಿ. ಮೊದಲ ನಕ್ಷೆ ಅಮೆರಿಕದ ಆಲ್ಬರ್ಟ್ ಮೇಯರ್ ಅವರದು. ಜೊತೆಗಾರ ನೊವಿಟ್ಸ್ಕಿ 1950ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡ ಮೇಲೆ ಕಾರ್ಬುಸಿಯೆ ಬಂದದ್ದು. ಇನ್ನು ಚಂಡೀಗಢ ಗೆದ್ದದ್ದಕ್ಕೆ ನಕ್ಷೆಗಿಂತ ದೊಡ್ಡ ಕಾರಣ ಉಂಟು. ಪಂಜಾಬಿನ ರಾಜಧಾನಿ ಲಾಹೋರು ಗಡಿಯಾಚೆ ಹೋಗಿತ್ತು. ಹಿಂತಿರುಗಿ ಹೋಗೋಕೆ ಹಳೇ ಊರೇ ಇರಲಿಲ್ಲ. ನವ ರಾಯಪುರದವನಿಗೆ ಸಂಜೆ ಬಸ್ ಹತ್ತಿದರೆ ಹಳೇ ರಾಯಪುರ ಸಿಗುತ್ತದೆ.

ಒಂದು ಉಪಕಥೆ, ವಿಷಯಾಂತರ ಅಂದರೆ ಕ್ಷಮಿಸಿ. ಭುವನೇಶ್ವರದ ನಕ್ಷೆ ಮಾಡಿದ ಒಟ್ಟೊ ಕೋನಿಗ್ಸ್‌ಬರ್ಗರ್, ಹಿಟ್ಲರನ ಜರ್ಮನಿಯಿಂದ ಹೊರಬಿದ್ದವರು, 1939ರಿಂದ ನಮ್ಮ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿ ಆಗಿದ್ದವರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಐಐಎಸ್‌ಸಿ) ಅವರ ಕಟ್ಟಡಗಳು ಇನ್ನೂ ಇವೆ. ಭುವನೇಶ್ವರದಲ್ಲಿ ಪ್ರತಿ ಮೊಹಲ್ಲಕ್ಕೂ ನಡೆಯುವ ದೂರದಲ್ಲಿ ಶಾಲೆ, ಅಂಗಡಿ ಇರಬೇಕು ಅಂತ 1948ರಲ್ಲೇ ಬರೆದಿದ್ದರು. ಮೇಲೆ ಆ ತಾಯಿ ಕೇಳಿದ ನಾಲ್ಕು ಪ್ರಶ್ನೆಯಲ್ಲಿ ಎರಡಕ್ಕೆ ಅಲ್ಲಿ ಉತ್ತರ ಇತ್ತು. ಆದರೂ ಹೈಕೋರ್ಟು ಕಟಕ್ ಬಿಟ್ಟು ಇವತ್ತಿಗೂ ಅಲ್ಲಾಡಿಲ್ಲ.

ಇಂಚಾನ್_ಕನ್ನಡಿಗ
ಕೊರಿಯಾದಿಂದ ಹಾಜರಿ. ಇಲ್ಲಿ ಇಂಥ ಊರುಗಳ ಜಾತ್ರೆಯೇ ಇದೆ.

ಸಾಂಗ್‌ಡೊ ಹೆಸರು ಕೇಳಿರ್ತೀರಿ, ಸಮುದ್ರ ತುಂಬಿಸಿ ಕಟ್ಟಿದ "ಸ್ಮಾರ್ಟ್" ಊರು. ಕಸವನ್ನೂ ನೆಲದಡಿ ಕೊಳವೆಯಲ್ಲಿ ಗಾಳಿ ಎಳೆದು ಒಯ್ಯುತ್ತೆ, ಕಸದ ಲಾರಿ ಬೇಡ. ನಾನು ಮೊದಲ ಸಲ ಹೋದಾಗ ಅನಿಸಿದ್ದು, ಕಸ ಒಯ್ಯೋಕೆ ಇಷ್ಟೆಲ್ಲ ಮಾಡಿದಾರೆ, ಕಸ ಹಾಕೋಕೆ ಮನುಷ್ಯರೆಲ್ಲಿ? ವಿದೇಶಿ ಕಂಪೆನಿಗಳು ಓಡಿ ಬರ್ತವೆ ಅಂತ ಲೆಕ್ಕ ಹಾಕಿದ್ರು, ಅಷ್ಟು ಬರಲಿಲ್ಲ. ಆಮೇಲೆ ತುಂಬಿಸಿದ್ದು ಕೊರಿಯಾದ ಮಧ್ಯಮ ವರ್ಗದ ಸಂಸಾರಗಳು: ಸ್ಕೂಲ್ ಚೆನ್ನಾಗಿದೆ, ಮನೆ ಸಿಯೋಲ್‌ಗಿಂತ ಅಗ್ಗ. ಸಿಯೋಲ್‌ಗೆ ಹೋಗೋಕೆ ಒಂದು ಗಂಟೆ ಮೇಲೆ ಬೇಕು, ಅದೇ ದೊಡ್ಡ ಗೊಣಗಾಟ.

ಆದರೆ ಮಂಜ ಅವರ ನವ ರಾಯಪುರಕ್ಕೆ ಸರಿಯಾದ ಜೋಡಿ ಸೇಜೋಂಗ್. 2012ರಿಂದ ಕೇಂದ್ರದ ಸಚಿವಾಲಯಗಳನ್ನ ಅಲ್ಲಿಗೆ ಸಾಗಿಸಿದರು. ಅಧಿಕಾರಿಗಳು ಹೆಂಡತಿ ಮಕ್ಕಳನ್ನ ಸಿಯೋಲ್‌ನಲ್ಲೇ ಬಿಟ್ಟು ಬಂದರು, ಸರ್ಕಾರವೇ ವರ್ಷಗಟ್ಟಲೆ ಬಸ್ ಓಡಿಸಿತು. ನೌಕರರಿಗೆ ಅಂತ ಫ್ಲ್ಯಾಟುಗಳನ್ನ ಮೀಸಲಿಟ್ಟರು, ಎಷ್ಟೋ ಜನ ಅದರಲ್ಲಿ ವಾಸ ಮಾಡದೆ ಲಾಭಕ್ಕೆ ಮಾರಿಕೊಂಡರು, ದೊಡ್ಡ ಗಲಾಟೆ ಆಗಿ 2021ರಲ್ಲಿ ಆ ಮೀಸಲೇ ರದ್ದು. ಸಂಸತ್ತು ಇನ್ನೂ ಸಿಯೋಲ್‌ನಲ್ಲಿದೆ, ಹಾಗಾಗಿ ಸೇಜೋಂಗ್ ಅಧಿಕಾರಿ ಫೈಲ್ ಹಿಡ್ಕೊಂಡು ರೈಲಲ್ಲಿ ಓಡಾಡ್ತಾನೇ ಇರ್ತಾನೆ. ಹೀಗೆಲ್ಲ ಇದ್ದೂ ಊರಲ್ಲಿ ಈಗ ನಾಲ್ಕು ಲಕ್ಷದ ಹತ್ತಿರ ಜನ ಇದ್ದಾರೆ. ಸಂಜೆ ಪಾರ್ಕಲ್ಲಿ ತಳ್ಳುಗಾಡಿ ಮಕ್ಕಳೇ ಮಕ್ಕಳು.

ತಾಳ್ಮೆರಾಮ
ನೋಡಿದ್ರಾ? ಕಾದರೆ ತುಂಬುತ್ತೆ. ನಮ್ಮ ವೈಟ್‌ಫೀಲ್ಡ್ ಕೂಡ ಹೊಸ ಊರು ಅಂತಲೇ ಶುರುವಾದದ್ದು, ಗೊತ್ತಾ? 1882ರಲ್ಲಿ ಮೈಸೂರು ಮಹಾರಾಜರು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟರು, ಡಿ.ಎಸ್. ವೈಟ್ ಅನ್ನೋರ ಹೆಸರೇ ಊರಿಗೆ. ಹಣ್ಣಿನ ತೋಟ, ಬೇಸಾಯ ಮಾಡ್ಕೊಂಡು ಇರೋ ಊರಾಗಬೇಕಿತ್ತು. ನೂರು ವರ್ಷ ಬೆರಳೆಣಿಕೆ ಬಂಗಲೆ. ತೊಂಬತ್ತರ ದಶಕದಲ್ಲಿ ಐಟಿಪಿಎಲ್ ಟೆಕ್ ಪಾರ್ಕ್ ಬಂತು. ಈಗ ಅಲ್ಲಿ ಕಾರ್ ಪಾರ್ಕ್ ಮಾಡೋಕೆ ಜಾಗ ಹುಡುಕಿ ನೋಡೋಣ.

ಮಾಗಡಿರೋಡ್_ಮಂಜ
ಒಳ್ಳೇ ಉದಾಹರಣೆ ಕೊಟ್ರಿ ರಾಮಣ್ಣ, ನೂರು ವರ್ಷ 😂 ನಿಮ್ಮ ಹೆಸರಿಗೆ ತಕ್ಕ ಮಾತು.

ಸಿಲ್ಕ್‌ಬೋರ್ಡ್_ಸಂತ್ರಸ್ತ
ಎಲೆಕ್ಟ್ರಾನಿಕ್ ಸಿಟಿಯನ್ನ ಮರೆತುಬಿಟ್ರಾ? ಎಪ್ಪತ್ತರ ದಶಕದ ಕೊನೇಲಿ ಶುರು, ಆರ್.ಕೆ. ಬಾಳಿಗರ ಕನಸು. ಮೆಟ್ರೋ ಬಂದದ್ದು 2025ರ ಆಗಸ್ಟಲ್ಲಿ. ಅಲ್ಲಿ ಕೆಲಸ ಭರಪೂರ ಇತ್ತು, ಆದರೂ ಲಕ್ಷಾಂತರ ಜನ ಬೇರೆ ಕಡೆ ಮನೆ ಮಾಡ್ಕೊಂಡು ದಿನಾ ಸಿಲ್ಕ್ ಬೋರ್ಡಲ್ಲಿ ಆಯಸ್ಸು ಸವೆಸಿದ್ರು, ನಾನೂ ಒಬ್ಬ. ಹಾಗಾಗಿ "ಕೆಲಸ ಕೊಟ್ರೆ ಜನ ಅಲ್ಲೇ ಇರ್ತಾರೆ" ಅನ್ನೋದೂ ಅರ್ಧ ಸತ್ಯ. ಗಂಡನಿಗೆ ಅಲ್ಲಿ ಕೆಲಸ, ಹೆಂಡತಿಗೆ ಮಾನ್ಯತಾ ಟೆಕ್ ಪಾರ್ಕಲ್ಲಿ, ಮಗುಗೆ ಜಯನಗರದ ಸ್ಕೂಲು. ಯಾವ ಟೌನ್‌ಶಿಪ್ ಮೂರನ್ನೂ ಕೊಡುತ್ತೆ?

ಬೈರಮಂಗಲದ_ಹೈದ
ಎಲ್ಲಾ ಓದಿದೆ. ಒಂದು ಮಾತು ಕೇಳ್ಬೇಕು. ನೀವೆಲ್ಲಾ ಹೊಸ ಊರಿಗೆ ಜನ ಬರ್ತಿಲ್ಲ, ಖಾಲಿ ಜಾಗ, ಖಾಲಿ ರಸ್ತೆ ಅಂತೀರಲ್ಲ, ಕಟ್ಟೋಕ್ ಮುಂಚೆ ಆ ಜಾಗ ಖಾಲಿ ಇತ್ತಾ?

ನಮ್ದು ಬಿಡದಿ ಹತ್ರ ಬೈರಮಂಗಲ, ಕೆರೆ ಪಕ್ಕ ಮೂರೆಕ್ರೆ. ಹಿಪ್ಪುನೇರಳೆ, ತೆಂಗು, ಎರಡು ಸೀಮೆ ಹಸ. ಗೂಡು ರಾಮನಗರ ಮಾರ್ಕೆಟ್ಟಿಗೆ, ಹಾಲು ಡೇರಿಗೆ. ಕೆರೆಗೆ ವೃಷಭಾವತಿ ನೊರೆ ಬರುತ್ತೆ ಅದು ಬೇರೆ ಕಥೆ. 2006ರ ಸುಮಾರಲ್ಲಿ ಐದು ಉಪನಗರ ಅಂತ ಶುರುವಾಯ್ತು, ಬಿಡದಿ, ರಾಮನಗರ, ಸೋಲೂರು, ಸಾತನೂರು, ನಂದಗುಡಿ. ದಿಲ್ಲಿಯ ದೊಡ್ಡ ಬಿಲ್ಡರು ಬಂದು ವಾಪಸ್ ಹೋದ. ಆವತ್ತಿಂದ ನಮ್ಮ ಜಮೀನು ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ. ಮಾರೋಣ ಅಂದ್ರೆ ಕೊಳ್ಳೋನು ಹೆದರ್ತಾನೆ, ಬೋರು ಕೊರೆಸೋಣ ಅಂದ್ರೆ ನಾವೇ ಹೆದರ್ತೀವಿ, ನಾಳೆ ಕಿತ್ಕೊಂಡ್ರೆ? ಹೆಣ್ಣು ಕೊಡೋರು ಸೈತ "ನಿಮ್ಮ ಜಮೀನು ಉಳೀತದಾ" ಅಂತ ಕೇಳ್ತಾರೆ. ನನ್ನ ವಯಸ್ಸು ಈಗ 34, ಲೆಕ್ಕ ಹಾಕ್ಕೊಳ್ಳಿ.

ಊರಿನೋರಲ್ಲಿ ಕೊಟ್ಬಿಡೋಣ ಅನ್ನೋರೂ ಅವ್ರೆ, ಒಳ್ಳೇ ರೇಟ್ ಸಿಕ್ರೆ. ಅವ್ರನ್ನ ನಾನು ಬಯ್ಯಲ್ಲ, ಸಾಲ ಅದೆ. ಆದ್ರೆ ನಮ್ಮನ್ನ ಎತ್ತಿ ಹಾಕಿ, ಆಮೇಲೆ ನ್ಯೂಜೆರ್ಸಿಯೋರಿಗೆ ಬೋರ್ಡ್ ಬರ್ಸೋಕೆ ಜಾಗ ಮಾಡ್ಕೊಡೋದಾದ್ರೆ ಇದ್ಯಾವ ಸೀಮೆ ಊರು?

ವಾಶಿವಾಸಿ
ಹೈದ ಅವರೇ, ನವಿ ಮುಂಬೈಗೂ ಈ ಕತೆ ಉಂಟು. 1984ರಲ್ಲಿ ಉರಣ ಕಡೆ ಜಮೀನಿಗಾಗಿ ದಿ.ಬಾ. ಪಾಟೀಲರ ನೇತೃತ್ವದಲ್ಲಿ ದೊಡ್ಡ ಹೋರಾಟ, ಪೊಲೀಸರ ಗುಂಡಿಗೆ ಐದು ಜನ ಸತ್ತರು. ಆ ಮೇಲೆಯೇ ಕಳಕೊಂಡ ಜಮೀನಿನ ಶೇ. 12.5ರಷ್ಟು ಅಭಿವೃದ್ಧಿಪಡಿಸಿದ ಜಾಗ ವಾಪಸ್ ಕೊಡುವ ನಿಯಮ ಬಂದದ್ದು. ಈಗ ಅಲ್ಲಿನ ಆಗ್ರಿ, ಕೋಳಿ ಅನ್ನುವ ಮೂಲ ಸಮುದಾಯದವರ ಹಳ್ಳಿಗಳಲ್ಲೇ ಕೂಲಿಯವರಿಗೂ ಆಟೋದವರಿಗೂ ಬಾಡಿಗೆ ಮನೆ ಸಿಗುವುದು. ಸೆಕ್ಟರಿನ ಕಟ್ಟಡಗಳಲ್ಲಿ ಅಲ್ಲ.

ನಕ್ಷೆಗಾರ್ತಿ
ಹೈದ ಅವರ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ, ಸುಮ್ಮನೆ ಬುದ್ಧಿ ಹೇಳೋಕೆ ಹೋಗಲ್ಲ. ಒಂದು ಮಾತ್ರ ಹೇಳ್ತೀನಿ. ಆಂಧ್ರದ ಹೊಸ ರಾಜಧಾನಿ ಅಮರಾವತಿಯಲ್ಲಿ 29 ಹಳ್ಳಿಯ ರೈತರು ಮೂವತ್ತಮೂರು ಸಾವಿರ ಎಕರೆ ಮೀರಿ ಜಮೀನು ಒಟ್ಟುಗೂಡಿಸಿ ಕೊಟ್ಟರು, ಬದಲಿಗೆ ಸೈಟು ಅಂತ. 2015ರಲ್ಲಿ ಅಡಿಗಲ್ಲು. 2019ರಲ್ಲಿ ಸರ್ಕಾರ ಬದಲಾಗಿ ಮೂರು ರಾಜಧಾನಿ ಅಂದ್ರು, ಕ್ರೇನುಗಳೆಲ್ಲ ನಿಂತವು. 2024ರಲ್ಲಿ ಮತ್ತೆ ಬದಲಾಗಿ ಮತ್ತೆ ಶುರು. ಹೊಸ ಊರು ತುಂಬೋಕೆ ಇಪ್ಪತ್ತು ಮೂವತ್ತು ವರ್ಷ ಬೇಕು, ನಮ್ಮಲ್ಲಿ ಎಲೆಕ್ಷನ್ ಐದು ವರ್ಷಕ್ಕೊಂದು.

ಬಯಲಾಟದ_ಭೀಮ
ಅದಕ್ಕೇ ಹೇಳೋದು, ನಮ್ಮ ಪಕ್ಷ ಇದ್ದಿದ್ರೆ…

ನಿರ್ವಾಹಕ
ಪಕ್ಷದ ವಿಷಯ ಇಲ್ಲಿ ಬೇಡ. ಮುಂದಿನ ಎರಡು ಉತ್ತರಗಳನ್ನು ತೆಗೆದಿದ್ದೇನೆ.

ತಾಳ್ಮೆರಾಮ
ಹೈದ ಅವರ ಮಾತು ಓದಿದ ಮೇಲೆ ನಾನೂ ಸ್ವಲ್ಪ ಸುಮ್ಮನಾದೆ. ಕಾಯೋರು ಯಾರು, ಅವರ ಕಾಯೋ ಖರ್ಚು ಯಾರ ಮೇಲೆ ಅಂತ ನಾನು ಯೋಚನೆ ಮಾಡಿರಲಿಲ್ಲ. ಆದರೂ ಬೆಂಗಳೂರು ಹೀಗೇ ಉಬ್ಬುತ್ತಾ ಹೋಗೋಕಾಗಲ್ಲವಲ್ಲ, ಜನ ಎಲ್ಲಾದ್ರೂ ಇರಬೇಕಲ್ಲ?

ಘಟಪ್ರಭಾ_ದಂಡಿ
ಬೆಂಗಳೂರು ಉಬ್ಬತೈತಿ ಅಂದ್ರ ಅದರ ಬಾಜೂಕ ಇನ್ನೊಂದು ಬೆಂಗಳೂರು ಕಟ್ಟೂದ್ಯಾಕ್ರಿ? ಹುಬ್ಬಳ್ಳಿ ಐತಿ, ಕಲಬುರ್ಗಿ ಐತಿ, ದಾವಣಗೆರಿ ಐತಿ. ಅಲ್ಲಿ ಮಂದಿ ಆಗಲೇ ಅದಾರ, ಗಿರಮಿಟ್ಟೂ ಐತಿ. ನಾಲ್ಕು ಕಂಪನಿ ಕಳಸ್ರಿ ಸಾಕು.

ಸಿಲ್ಕ್‌ಬೋರ್ಡ್_ಸಂತ್ರಸ್ತ
ಗಿರಮಿಟ್ ಇದೆ ಅಂದ್ರೆ ನಾನು ನಾಳೇನೇ ಟ್ರಾನ್ಸ್‌ಫರ್ ಕೇಳ್ತೀನಿ.

ಎರಡ್ಮಕ್ಕಳ_ತಾಯಿ
ದಾವಣಗೆರೆ ನಮ್ಮ ತವರು. ಬೆಣ್ಣೆ ದೋಸೆ ವಿಷಯ ನಾನು ಎತ್ತಲ್ಲ, ಜಗಳ ಆಗುತ್ತೆ.

ತಟ್ಟೆಇಡ್ಲಿ
ಎತ್ತಿದ್ರಿ ಮೇಡಂ ಈಗಾಗಲೇ. ತಟ್ಟೆ ಇಡ್ಲಿ ಮುಂದೆ ಅದೆಲ್ಲ ನಡೆಯಲ್ಲ.

ಇಂಚಾನ್_ಕನ್ನಡಿಗ
ಇಲ್ಲಿ ರಾತ್ರಿ ಒಂದು ಗಂಟೆ, ದಯವಿಟ್ಟು ತಿಂಡಿ ಮಾತು ನಿಲ್ಲಿಸಿ. ಮಂಜ ಅವರೇ, ನಿಮ್ಮ ಕ್ರಾಸಿನ ಕಥೆ ಏನಾಯ್ತು?

ಮಾಗಡಿರೋಡ್_ಮಂಜ
ಏನಾಗುತ್ತೆ, ಇನ್ನೂ ಎರಡೇ ಮನೆ. ಹೆಂಡತಿ "ಬಾಡಿಗೆಗೆ ಕೊಟ್ಟು ವಿಜಯನಗರಕ್ಕೆ ವಾಪಸ್ ಹೋಗೋಣ" ಅಂತಾಳೆ. ಬಾಡಿಗೆಗೆ ಬರೋಕೂ ಜನ ಬೇಕಲ್ಲ ಅಂತ ನಾನು.

ಒಂದೇ ಸುದ್ದಿ. ಹಿಂದಿನ ಕ್ರಾಸಲ್ಲಿ ಯಾರೋ ಮನೆ ಪಾಯ ತೆಗೆಸ್ತಿದ್ದಾರೆ, ರಾಯಚೂರು ಕಡೆಯ ಗಾರೆ ಕೆಲಸದವರು ಶೆಡ್ ಹಾಕ್ಕೊಂಡಿದ್ದಾರೆ. ಅವರಿಗೆ ಅಂತ ಒಬ್ಬ ಹುಡುಗ ಬೆಳಿಗ್ಗೆ ಸಾಯಂಕಾಲ ಸೈಕಲ್ ಮೇಲೆ ಟೀ ಕ್ಯಾನ್ ತರ್ತಾನೆ. ಮೂರು ವರ್ಷದಲ್ಲಿ ನಮ್ಮ ಬಡಾವಣೆಗೆ ಬಂದ ಮೊದಲನೇ ಅಂಗಡಿ ಅದು. ಇವತ್ತು ನಾನೂ ಲೋಟ ಹಿಡ್ಕೊಂಡು ಹೋಗಿ ಅವರ ಜೊತೆ ಕ್ಯೂ ನಿಂತೆ. ಹತ್ತು ರೂಪಾಯಿ.

ತಟ್ಟೆಇಡ್ಲಿ
ಸಕ್ಕರೆ ಜಾಸ್ತಿ ಹಾಕಿರ್ತಾನೆ ನೋಡಿ.

ಮಾಗಡಿರೋಡ್_ಮಂಜ
ಹಾಕಿದಾನೆ. ಎರಡು ಲೋಟ ಕುಡಿದೆ.